ಪಾಟಲಿಪುತ್ರದ ಇಬ್ಬರು ಸಂವಾಹಕರು

ನರಕ ಚತುರ್ದಶಿಯ ಬೆಳಗ್ಗೆ ಎಣ್ಣೆನೀರು ಎರೆದುಕೊಳ್ಳದ ಮನೆ ನಮ್ಮಲ್ಲಿ ಈಗಲೂ ಅಪರೂಪವೇ. ಹಂಡೆ ಹೋಗಿ ಗೀಸರು ಬಂದಿರಬಹುದು. ಸೀಗೆಪುಡಿಯ ಜಾಗದಲ್ಲಿ ಶಾಂಪೂ ಸೀಸೆ ಕುಳಿತಿರಬಹುದು. ಆದರೂ ನೆತ್ತಿಗೆ ಎಣ್ಣೆ ಒತ್ತಿ, ಬೆನ್ನಿಗೆ ಸವರಿ, ಕೈಕಾಲು ನೀವಿ, "ಒಂದು ಗಳಿಗೆ ನೆನೆಯಲಿ, ಏಳಬೇಡ" ಎಂದು ಗದರಿಸುವವರು ಒಬ್ಬರು ಇದ್ದೇ ಇರುತ್ತಾರೆ. ಮೈಗೆ ಹಿತವಾದದ್ದನ್ನು ಹಬ್ಬಕ್ಕೆ ಗಂಟುಹಾಕಿ, ಕಡುಸೋಮಾರಿಗೂ ವರ್ಷಕ್ಕೊಮ್ಮೆಯಾದರೂ ಅದರ ಲಾಭ ದೊರೆಯುವಂತೆ ಮಾಡಿದ ಹಿರಿಯರ ಜಾಣ್ಮೆಯನ್ನು ಮೆಚ್ಚಬೇಕು.

ಈ ಪದ್ಧತಿಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಎಣ್ಣೆಯ ಗುಣಗಳನ್ನು ಹೇಳುತ್ತಾರೆ. ಎಳ್ಳೆಣ್ಣೆ ಲೇಸೋ ಕೊಬ್ಬರಿ ಎಣ್ಣೆ ಲೇಸೋ ಎಂದು ಚರ್ಚಿಸುತ್ತಾರೆ. ಕೈಯ ಮಾತನ್ನು ಎತ್ತುವವರು ಕಡಮೆ. ಎಣ್ಣೆ ತಾನಾಗಿ ಮೈಗೆ ಇಳಿಯುವುದಿಲ್ಲ, ಇಳಿಸುವುದು ಕೈ. ಆ ಕೈ ಯಾರದು? ಅರಸನ ಕೈಯ ಕತ್ತಿಯನ್ನೂ ಕವಿಯ ಕೈಯ ಲೇಖನಿಯನ್ನೂ ಶಿಲ್ಪಿಯ ಕೈಯ ಉಳಿಯನ್ನೂ ಚರಿತ್ರೆ ನೆನಪಿಟ್ಟುಕೊಂಡಿದೆ. ಬರಿಗೈಯಿಂದ ಇನ್ನೊಬ್ಬರ ನೋವನ್ನು ನೀಗಿದವರನ್ನು ಅದು ಮರೆತುಬಿಟ್ಟಿದೆ. ಹಳೆಯ ಕಾಲದವರ ಪೈಕಿ ಇಬ್ಬರು ಮಾತ್ರ ನನ್ನ ಕಣ್ಣಿಗೆ ಸ್ಪಷ್ಟವಾಗಿ ಬಿದ್ದಿದ್ದಾರೆ. ಒಬ್ಬ ನಾಟಕದ ಪಾತ್ರ. ಇನ್ನೊಬ್ಬ ನಿಜವಾಗಿ ಬಾಳಿ ಬದುಕಿದವನು. ವಿಚಿತ್ರವೆಂದರೆ ಇಬ್ಬರದೂ ಒಂದೇ ಊರು. ಅದು ಪಾಟಲಿಪುತ್ರ, ಎಂದರೆ ಇಂದಿನ ಪಾಟ್ನಾ.

ಮೊದಲನೆಯವನು ಶೂದ್ರಕನ 'ಮೃಚ್ಛಕಟಿಕ'ದಲ್ಲಿ ಬರುತ್ತಾನೆ. ಅವನಿಗೆ ನಾಟಕದಲ್ಲಿ ಹೆಸರೇ ಇಲ್ಲ, ವೃತ್ತಿಯೇ ಹೆಸರು. ಸಂವಾಹಕ, ಎಂದರೆ ಮೈಯೊತ್ತುವವನು. ಎರಡನೆಯ ಅಂಕದಲ್ಲಿ ಅವನು ರಂಗಕ್ಕೆ ಬರುವುದೇ ಓಡಿಕೊಂಡು. ಜೂಜಿನಲ್ಲಿ ಹತ್ತು ಸುವರ್ಣ ಸೋತಿದ್ದಾನೆ. ಜೂಜುಕಟ್ಟೆಯ ಯಜಮಾನ ಬೆನ್ನು ಹತ್ತಿದ್ದಾನೆ. ವಿಗ್ರಹವಿಲ್ಲದ ಒಂದು ಗುಡಿಯೊಳಗೆ ನುಗ್ಗಿ ತಾನೇ ವಿಗ್ರಹದಂತೆ ನಿಂತುಬಿಡುತ್ತಾನೆ. ಬೆನ್ನಟ್ಟಿ ಬಂದವರು ಅವನ ಎದುರಿಗೇ ಜೂಜಾಡಲು ಕುಳಿತಾಗ ದೇವರಿಗೆ ತಡೆದುಕೊಳ್ಳಲಾಗದೆ ಹೋಗುತ್ತದೆ! ಕೊನೆಗೆ ವಸಂತಸೇನೆಯ ಮನೆ ಹೊಕ್ಕು ರಕ್ಷಣೆ ಬೇಡುತ್ತಾನೆ. ಅಲ್ಲಿ ತನ್ನ ಕಥೆ ಹೇಳಿಕೊಳ್ಳುತ್ತಾನೆ. ಪಾಟಲಿಪುತ್ರದ ಗೃಹಸ್ಥರ ಮಗ. ಊರು ನೋಡುವ ಆಸೆಯಿಂದ ಉಜ್ಜಯಿನಿಗೆ ಬಂದು ಚಾರುದತ್ತನ ಸೇವೆಯಲ್ಲಿದ್ದವನು. ಒಡೆಯ ಬಡವನಾದ ಮೇಲೆ ಜೂಜಿಗೆ ಬಿದ್ದವನು. ಬಹಳ ಸುಕುಮಾರವಾದ ಕಲೆಯನ್ನು ಕಲಿತಿದ್ದೀಯೆ ಎಂದು ವಸಂತಸೇನೆ ಮೆಚ್ಚಿದಾಗ ಅವನು ಕೊಡುವ ಉತ್ತರ ಸಣ್ಣದು: ಕಲೆಯೆಂದು ಕಲಿತೆ, ಅದೀಗ ಹೊಟ್ಟೆಪಾಡಾಯಿತು ಎಂಬ ಅರ್ಥದ ಮಾತು.

ಈ ಅಂಕವನ್ನು ತರಗತಿಯಲ್ಲಿ ವಿವರಿಸುವಾಗ ಹುಡುಗರು ಗುಡಿಯ ಪ್ರಸಂಗಕ್ಕೆ ನಗುತ್ತಾರೆ, ಈ ಮಾತಿಗೆ ಸುಮ್ಮನಾಗುತ್ತಾರೆ. ಕಲೆ ಮತ್ತು ಕೂಲಿಯ ನಡುವಣ ಅಂತರ ಅವರಿಗೂ ತಿಳಿಯುತ್ತದೆ. ಸಂಗೀತ ಬಲ್ಲವನನ್ನು ವಿದ್ವಾಂಸನೆಂದೆವು, ಚಿತ್ರ ಬಲ್ಲವನನ್ನು ಕಲಾವಿದನೆಂದೆವು. ಕಾಮಸೂತ್ರದ ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಗೀತ, ವಾದ್ಯ, ಆಲೇಖ್ಯಗಳ ಜೊತೆಗೇ ಮೈಯೊತ್ತುವ ಕೌಶಲವೂ ಸೇರಿದೆ. ಆದರೂ ಅದನ್ನು ಬಲ್ಲವನು ಆಳಾಗಿಯೇ ಉಳಿದ.

ಶೂದ್ರಕನ ಸಂವಾಹಕ ಅಷ್ಟಕ್ಕೇ ಮುಗಿಯುವುದಿಲ್ಲ. ವಸಂತಸೇನೆ ತನ್ನ ಕಡಗ ಕೊಟ್ಟು ಸಾಲ ತೀರಿಸುತ್ತಾಳೆ. ಅವನು ಬೇಸತ್ತು ಬೌದ್ಧಭಿಕ್ಷುವಾಗುತ್ತಾನೆ. ಎಂಟನೆಯ ಅಂಕದಲ್ಲಿ ಶಕಾರ ಕತ್ತು ಹಿಸುಕಿ ಬಿಟ್ಟುಹೋದ ವಸಂತಸೇನೆಯನ್ನು ಎಲೆಗಳ ರಾಶಿಯಡಿ ಕಂಡು ನೀರು ಹನಿಸಿ ಬದುಕಿಸುವವನೂ ಅವನೇ. ಆದರೆ ಅವನೀಗ ಭಿಕ್ಷು, ಹೆಣ್ಣನ್ನು ಮುಟ್ಟುವಂತಿಲ್ಲ. ಹತ್ತಿರದ ಮರದ ಬಳ್ಳಿಯೊಂದನ್ನು ಬಾಗಿಸಿ, ಅದನ್ನು ಹಿಡಿದು ಏಳಮ್ಮ ಎನ್ನುತ್ತಾನೆ. ಹತ್ತನೆಯ ಅಂಕದಲ್ಲಿ ಅವನನ್ನು ನಾಡಿನ ಎಲ್ಲ ವಿಹಾರಗಳಿಗೂ ಒಡೆಯನನ್ನಾಗಿ ಮಾಡುತ್ತಾರೆ. ಕೈಯಿಂದ ಬದುಕಿದವನಿಗೆ ಗೌರವ ಬಂದದ್ದು ಕೈಯನ್ನು ಹಿಂದಕ್ಕೆ ತೆಗೆದುಕೊಂಡ ಮೇಲೆ. ಶೂದ್ರಕ ಇದನ್ನು ಉದ್ದೇಶಪಟ್ಟು ಬರೆದನೋ ಇಲ್ಲವೋ, ನಮ್ಮ ಸಮಾಜದ ಒಂದು ಸತ್ಯವಂತೂ ಇಲ್ಲಿ ಮೂಡಿಬಂದಿದೆ.

ಹಾಗೆಂದು ನಮ್ಮ ಶಾಸ್ತ್ರಕಾರರು ಕೈಯ ಮಹತ್ವವನ್ನು ಅರಿಯದವರಲ್ಲ. ಚರಕನ ಸೂತ್ರಸ್ಥಾನದಲ್ಲಿ ಅಭ್ಯಂಗಕ್ಕೆ ಮೂರು ಹೋಲಿಕೆಗಳಿವೆ: ಎಣ್ಣೆ ಕುಡಿದ ಮಡಕೆ, ಎಣ್ಣೆ ತಿಕ್ಕಿದ ತೊಗಲು, ಎಣ್ಣೆ ಹಚ್ಚಿದ ಗಾಡಿಯ ಅಚ್ಚು. ಇವು ಹೇಗೆ ಗಟ್ಟಿಯಾಗಿ ಬಾಳುತ್ತವೆಯೋ ಹಾಗೆ ಮೈ ಎಂದು ಅವನ ಅಭಿಪ್ರಾಯ. ಮೂರೂ ಕುಂಬಾರ, ಮೋಚಿ, ಗಾಡಿಯವನು ಇವರ ಅನುಭವದಿಂದ ಬಂದವು ಎಂಬುದನ್ನು ಗಮನಿಸಬೇಕು. ವಾಗ್ಭಟ ತಲೆ, ಕಿವಿ, ಅಂಗಾಲುಗಳನ್ನು ಮರೆಯಬೇಡಿ ಎಂದು ಒತ್ತಿ ಹೇಳುತ್ತಾನೆ. ಸುಶ್ರುತನಂತೂ ಎಣ್ಣೆ ಹಚ್ಚುವ ಅಭ್ಯಂಗ, ಪುಡಿಯಿಂದ ತಿಕ್ಕುವ ಉದ್ವರ್ತನ, ಒತ್ತುವ ಸಂವಾಹನ ಇವುಗಳ ಫಲವನ್ನು ಬೇರೆ ಬೇರೆಯಾಗಿಯೇ ಹೇಳುತ್ತಾನೆ. ಸಂವಾಹನದಿಂದ ದಣಿವು ಆರುತ್ತದೆ, ನಿದ್ದೆ ಬರುತ್ತದೆ ಎಂಬುದು ಅವನ ಮತ. ಅವನ ಇನ್ನೊಂದು ಗುಣ ನನಗೆ ಹೆಚ್ಚು ಮೆಚ್ಚುಗೆಯಾದದ್ದು. ಯಾರಿಗೆ ಅಭ್ಯಂಗ ಕೂಡದು ಎಂಬುದನ್ನೂ ಅವನು ಹೇಳುತ್ತಾನೆ: ಹೊಸದಾಗಿ ಜ್ವರ ಬಂದವನಿಗೆ, ಅಜೀರ್ಣದವನಿಗೆ, ವಾಂತಿಭೇದಿಯ ಚಿಕಿತ್ಸೆ ಆದವನಿಗೆ ಕೂಡದು. ವ್ಯಾಯಾಮವೂ ಅಷ್ಟೆ, ಶಕ್ತಿಯ ಅರ್ಧದಷ್ಟು ಮಾತ್ರ. ಎಲ್ಲ ರೋಗಕ್ಕೂ ಒಂದೇ ಮದ್ದು ಎನ್ನುವವನು ವ್ಯಾಪಾರಿ. ಇಂಥಲ್ಲಿ ಬೇಡ ಎನ್ನಬಲ್ಲವನು ವೈದ್ಯ.

ಅರಮನೆಯಲ್ಲಿ ಇದೇ ಕೈಯನ್ನು ನೋಡುತ್ತಿದ್ದ ದೃಷ್ಟಿ ಬೇರೆ. ಕೌಟಿಲ್ಯ ಸ್ನಾನ ಮಾಡಿಸುವವರನ್ನೂ ಮೈಯೊತ್ತುವವರನ್ನೂ ಹಾಸಿಗೆ ಹಾಸುವವರು, ಅಗಸರು, ಮಾಲೆಗಾರರ ಸಾಲಿನಲ್ಲಿ ಸೇರಿಸುತ್ತಾನೆ. ಅರಸನಿಗೆ ಹಚ್ಚುವ ಲೇಪನವನ್ನೂ ಸ್ನಾನದ ಪುಡಿಯನ್ನೂ ಅವರು ಮೊದಲು ತಮ್ಮ ಎದೆಗೂ ತೋಳಿಗೂ ಹಚ್ಚಿಕೊಂಡು ತೋರಿಸಬೇಕು; ವಿಷವಿದ್ದರೆ ಆಳಿಗೇ ತಗಲಲಿ ಎಂದು! ಅರಸನ ಮೈಗೆ ಎಲ್ಲರಿಗಿಂತ ಹತ್ತಿರ ಬರುವ ಕೈ ಅದು. ಆದ್ದರಿಂದಲೇ ಎಲ್ಲಕ್ಕಿಂತ ಸಂದೇಹಕ್ಕೆ ಗುರಿಯಾದ ಕೈಯೂ ಅದೇ.

ನಮ್ಮ ನಾಡಿನ ಮಟ್ಟಿಗೆ ಹೇಳುವುದಾದರೆ, ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನನ್ನು ಬಿಡುವಂತಿಲ್ಲ. 1129ರ ಸುಮಾರಿಗೆ ಅವನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ' ನೂರು ಅಧ್ಯಾಯಗಳ ವಿಶ್ವಕೋಶ. ಅರಸನು ಅನುಭವಿಸತಕ್ಕ ಇಪ್ಪತ್ತು ಭೋಗಗಳನ್ನು ಅದರ ಮೂರನೆಯ ಭಾಗದಲ್ಲಿ ಎಣಿಸಿದ್ದಾನೆ. ಸ್ನಾನಭೋಗ ಒಂದಾದರೆ, ಪಾದಾಭ್ಯಂಗಕ್ಕೆ ಬೇರೆಯೇ ಒಂದು ಭೋಗದ ಪಟ್ಟ! ಅನ್ನಭೋಗ, ಪಾನೀಯಭೋಗಗಳ ಸಾಲಿನಲ್ಲಿ ಕಾಲೊತ್ತಿಸಿಕೊಳ್ಳುವುದನ್ನೂ ಇರಿಸಿದ ದೊರೆಯ ರಸಿಕತೆಯನ್ನು ಒಪ್ಪಲೇಬೇಕು. ನಾಲ್ಕನೆಯ ಭಾಗದ ಮಲ್ಲವಿನೋದದಲ್ಲಿ ಜಟ್ಟಿಗಳ ತರಬೇತಿಯ ವಿವರಗಳಿವೆ. ಕುಸ್ತಿಯ ಗರಡಿಗೂ ಅಂಗಮರ್ದನಕ್ಕೂ ಇರುವ ನಂಟು ಹಳೆಯದು. ಮೈ ಹುರಿಗೊಳಿಸುವವನು ಮೈ ಸಡಿಲಗೊಳಿಸುವುದನ್ನೂ ಬಲ್ಲವನಾಗಿರಬೇಕಲ್ಲವೆ? ಆದರೆ ಭೋಗದ ದೃಷ್ಟಿಯಿಂದ ಬರೆದ ಗ್ರಂಥದಲ್ಲಿ ಕಾಲೊತ್ತಿದವರ ಹೆಸರನ್ನು ಹುಡುಕುವುದು ವ್ಯರ್ಥ.

ಇನ್ನು ಪಾಟಲಿಪುತ್ರದ ಎರಡನೆಯ ಸಂವಾಹಕ. ಇವನಿಗೆ ಹೆಸರಿದೆ: ಶೇಖ್ ದೀನ್ ಮಹಮದ್. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ. ಕಂಪೆನಿಯ ಸೈನ್ಯದಲ್ಲಿದ್ದ ತಂದೆ ತೀರಿಕೊಂಡ ಮೇಲೆ, ಇನ್ನೂ ಹುಡುಗನಾಗಿದ್ದಾಗಲೇ ಬೇಕರ್ ಎಂಬ ಅಧಿಕಾರಿಯ ಜೊತೆ ದಂಡಿನ ಹಿಂದೆ ಹೊರಟ. 1784ರಲ್ಲಿ ಅವನ ಜೊತೆಯಲ್ಲೇ ಐರ್ಲೆಂಡಿನ ಕಾರ್ಕ್ ಪಟ್ಟಣವನ್ನು ಸೇರಿದ. ಅಲ್ಲಿಯೇ ಜೇನ್ ಡೇಲಿ ಎಂಬಾಕೆಯನ್ನು ಮದುವೆಯಾದ. 1794ರಲ್ಲಿ ತನ್ನ ಪ್ರವಾಸದ ಪುಸ್ತಕವನ್ನು ಪ್ರಕಟಿಸಿದ. ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕ ಅದು. ಆಮೇಲೆ ಲಂಡನ್ನಿಗೆ ಹೋಗಿ 1810ರಲ್ಲಿ 'ಹಿಂದೂಸ್ತಾನೀ ಕಾಫಿ ಹೌಸ್' ಎಂಬ ಭೋಜನಶಾಲೆ ತೆರೆದ. ಇಂಗ್ಲಿಷರ ನಾಲಗೆಗೆ ನಮ್ಮ ಅಡುಗೆ ಹಿಡಿಸುವ ಕಾಲ ಇನ್ನೂ ಬಂದಿರಲಿಲ್ಲವೋ ಏನೋ, 1812ರಲ್ಲಿ ದಿವಾಳಿಯಾದ. ಮೊದಲ ಸಂವಾಹಕ ಜೂಜಿನಿಂದ ಕೆಟ್ಟ. ಇವನು ಹೋಟೆಲಿನಿಂದ ಕೆಟ್ಟ. ಎರಡಕ್ಕೂ ಅಂಥ ವ್ಯತ್ಯಾಸವಿಲ್ಲವೆಂದು ಹೋಟೆಲು ನಡೆಸಿ ನೋಡಿದವರು ಹೇಳಿಯಾರು!

ಐವತ್ತು ದಾಟಿದ ವಯಸ್ಸಿನಲ್ಲಿ, ಹೆಂಡತಿ ಮಕ್ಕಳೊಡನೆ, ಪರದೇಶದಲ್ಲಿ ದಿವಾಳಿಯಾದವನ ಬಳಿ ಉಳಿದಿದ್ದದ್ದು ಎರಡು ಕೈ ಮಾತ್ರ. 1814ರಲ್ಲಿ ಅವನು ಸಮುದ್ರತೀರದ ಬ್ರೈಟನ್ ಪಟ್ಟಣಕ್ಕೆ ಬಂದ. ಮೂಲಿಕೆಗಳ ಹಬೆಯಲ್ಲಿ ಮೈ ಬೆವರಿಸಿ, ಅನಂತರ ಮೈಯೊತ್ತುವ ಸ್ನಾನಗೃಹವನ್ನು ತೆರೆದ. ರೋಗಿ ಫ್ಲಾನೆಲ್ ಬಟ್ಟೆಯ ಗುಡಾರದೊಳಗೆ ಕೂಡುತ್ತಿದ್ದ. ಗುಡಾರಕ್ಕೆ ಕೈ ತೂರಿಸಲು ತೋಳುಗಳಿದ್ದವು. ಹೊರಗೆ ನಿಂತವನು ಅವುಗಳೊಳಗಿಂದ ಕೈ ಚಾಚಿ ಒತ್ತುತ್ತಿದ್ದ. ಈ ಕೆಲಸಕ್ಕೆ ಅವನಿಟ್ಟ ಹೆಸರು 'ಶಾಂಪೂಯಿಂಗ್'. ಹಿಂದಿಯಲ್ಲಿ ಚಾಂಪನಾ ಎಂದರೆ ಒತ್ತುವುದು, ಅಮುಕುವುದು. ಚಂಪೀ ಎಂಬುದೂ ಅದರಿಂದ ಬಂದದ್ದೇ. ತಲೆತೊಳೆಯುವ ದ್ರವ ಎಂಬ ಅರ್ಥ ಅದಕ್ಕೆ ಅಂಟಿಕೊಂಡದ್ದು 19ನೆಯ ಶತಮಾನದ ಉತ್ತರಾರ್ಧದಲ್ಲಿ. ನಮ್ಮ ಕೈಯ ಕೆಲಸ ಹಡಗು ಹತ್ತಿ ಹೋಗಿ ಸೀಸೆಯೊಳಗಿನ ನೊರೆಯಾಗಿ ಹಿಂದಿರುಗಿತು. ಸೀಗೆಪುಡಿಯ ಜಾಗದಲ್ಲಿ ಕುಳಿತಿದೆಯೆಂದು ಮೇಲೆ ಹೇಳಿದ ಆ ಸೀಸೆಯ ಹಿಂದಿನ ಕಥೆ ಇದು.

ಬ್ರೈಟನ್ನಿನಲ್ಲಿ ಅವನಿಗೆ ಅದೃಷ್ಟ ಒಲಿಯಿತು. ಗುಣವಾದವರು ಬಿಟ್ಟುಹೋದ ಊರುಗೋಲುಗಳನ್ನು ಸ್ನಾನಗೃಹದಲ್ಲಿ ತೂಗುಹಾಕಿದ್ದ. ಅದಕ್ಕಿಂತ ಒಳ್ಳೆಯ ಜಾಹೀರಾತು ಯಾವುದಿದೆ? ನಾಲ್ಕನೆಯ ಜಾರ್ಜ್ ದೊರೆಯೂ ಅನಂತರ ನಾಲ್ಕನೆಯ ವಿಲಿಯಂ ದೊರೆಯೂ ಅವನನ್ನು ತಮ್ಮ 'ಶಾಂಪೂಯಿಂಗ್ ಸರ್ಜನ್' ಆಗಿ ನೇಮಿಸಿಕೊಂಡರು. 1822ರಲ್ಲಿ ತನ್ನ ಚಿಕಿತ್ಸೆಯ ಬಗ್ಗೆಯೇ ಒಂದು ಪುಸ್ತಕ ಬರೆದ. ಆದರೆ ಈ ವೈಭವದೊಳಗೆ ಒಂದು ಮುಳ್ಳಿದೆ. ತಾನು ವೈದ್ಯಶಿಕ್ಷಣ ಪಡೆದವನೆಂದು ತೋರಿಸಿಕೊಳ್ಳುವ ಸಲುವಾಗಿ ಅವನು ತನ್ನ ಜನ್ಮವರ್ಷವನ್ನು ಹತ್ತು ವರ್ಷ ಹಿಂದಕ್ಕೆ ಸರಿಸಿಕೊಂಡ. 1851ರಲ್ಲಿ ತೀರಿಕೊಂಡಾಗ ಅವನ ವಯಸ್ಸು ತೊಂಬತ್ತೆರಡರ ಆಸುಪಾಸು. ಗೋರಿಯ ಕಲ್ಲು ಮಾತ್ರ ನೂರೊಂದು ಎನ್ನುತ್ತದೆ. ಈ ಸುಳ್ಳನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅದು ಏಕೆ ಬೇಕಾಯಿತೆಂದು ಕೇಳಿಕೊಳ್ಳಬೇಕು. ಸಾವಿರಾರು ಮೈಗಳನ್ನು ಮುಟ್ಟಿ ಕಲಿತ ಅನುಭವಕ್ಕೆ ತನ್ನದೇ ಆದ ಮರ್ಯಾದೆಯಿಲ್ಲ, ಸರ್ಜನ್ ಎಂಬ ಬಿರುದು ಹಚ್ಚಿದರೆ ಮಾತ್ರ ಮರ್ಯಾದೆ ಎಂದಾಗ, ಮನುಷ್ಯ ವರ್ಷಗಳನ್ನು ತಿದ್ದಲು ಹೊರಡುತ್ತಾನೆ.

ಅವನ ಮೊಮ್ಮಗನ ಕಥೆ ಇನ್ನೂ ಸ್ವಾರಸ್ಯವಾದದ್ದು. ಫ್ರೆಡರಿಕ್ ಅಕ್ಬರ್ ಮಹಮದ್ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ನಿಜವಾದ ವೈದ್ಯನಾದ. ನಾಡಿಯ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಮೂಡಿಸುವ ಯಂತ್ರವನ್ನು ಸುಧಾರಿಸಿ, ಮೂತ್ರಪಿಂಡದ ರೋಗವಿಲ್ಲದವರಲ್ಲಿಯೂ ರಕ್ತದ ಒತ್ತಡ ಏರಿರಬಹುದೆಂದು ತೋರಿಸಿಕೊಟ್ಟವರಲ್ಲಿ ಅವನು ಮೊದಲಿಗ. 1884ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ, ವಿಷಮಶೀತಜ್ವರದಿಂದ ತೀರಿಕೊಂಡ. ಅಜ್ಜ ಬೆರಳಿನಿಂದ ಒತ್ತಿದ. ಮೊಮ್ಮಗ ರಕ್ತದ ಒತ್ತಡವನ್ನು ಅಳೆದ. ಎರಡು ತಲೆಮಾರಿನೊಳಗೆ ಕೈಯಿಂದ ಯಂತ್ರಕ್ಕೆ ವೈದ್ಯ ಸಾಗಿಬಂದ ದಾರಿ ಒಂದೇ ಮನೆಯಲ್ಲಿ ಕಾಣುತ್ತದೆ.

ಅಷ್ಟು ಹೊತ್ತಿಗೆ ಯೂರೋಪಿನಲ್ಲಿ ಈ ವಿದ್ಯೆಗೆ ಶಾಲೆಗಳು ಏಳತೊಡಗಿದ್ದವು. ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿಯೇ ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ಸಂಸ್ಥೆಯನ್ನು ತೆರೆದಿದ್ದ. ಹಾಲೆಂಡಿನ ವೈದ್ಯ ಮೆಟ್ಸ್‌ಗರ್ ಮತ್ತು ಅವನ ಶಿಷ್ಯರು ಕೈಯ ಚಲನೆಗಳನ್ನು ವಿಂಗಡಿಸಿ ಅವಕ್ಕೆ ಫ್ರೆಂಚ್ ಹೆಸರುಗಳನ್ನು ಬಳಕೆಗೆ ತಂದರು. ಲಂಡನ್ನಿನಲ್ಲಿ ಅಂಗಮರ್ದನದ ಹೆಸರಿನಲ್ಲಿ ಅನಾಚಾರ ನಡೆಯುತ್ತಿದೆ ಎಂಬ ಗುಲ್ಲು ವೈದ್ಯಪತ್ರಿಕೆಯವರೆಗೆ ಹೋದಾಗ, 1894ರಲ್ಲಿ ನಾಲ್ವರು ದಾದಿಯರು ಸೇರಿ ತರಬೇತಿ ಪಡೆದ ಅಂಗಮರ್ದಕಿಯರ ಸಂಘವನ್ನು ಕಟ್ಟಿದರು. ಪಾಠ, ಪರೀಕ್ಷೆ, ನಡತೆಯ ನಿಯಮಗಳನ್ನು ಗೊತ್ತುಮಾಡಿದರು. 1920ರಲ್ಲಿ ಅದಕ್ಕೆ ರಾಜಸನ್ನದು ದೊರೆಯಿತು. ಇಂದಿನ ಫಿಜಿಯೋಥೆರಪಿಯ ದೊಡ್ಡ ಬೇರುಗಳಲ್ಲಿ ಒಂದು ಅಲ್ಲಿದೆ. ಬಿದ್ದ ಹೆಸರನ್ನು ಎತ್ತಿ ನಿಲ್ಲಿಸಲು ಅವರು ಕೈಯನ್ನು ಹಿಂದೆಗೆಯಲಿಲ್ಲ; ಕೈಗೆ ಶಿಕ್ಷಣ ಕೊಟ್ಟರು. ನಮಗೂ ಅವರಿಗೂ ವ್ಯತ್ಯಾಸವಾದದ್ದು ಇಲ್ಲಿ.

ಕನ್ನಡದ ಮೇಷ್ಟರಾದ ನನಗೆ ಆ ಫ್ರೆಂಚ್ ಹೆಸರುಗಳ ಮೇಲೆ ಕಣ್ಣು ಬಿದ್ದದ್ದು ಸಹಜ. ಎಫ್ಲರಾಜ್ ಎಂದರೆ ನೇವರಿಸುವುದು. ಪೆತ್ರಿಸಾಜ್ ಎಂದರೆ ನಾದುವುದು. ಫ್ರೆಂಚರಿಗೂ ಅದು ಹಿಟ್ಟು ನಾದುವ ಮಾತೇ. ಫ್ರಿಕ್ಸಿಯೋಂ ಎಂದರೆ ಉಜ್ಜುವುದು. ತಪೋತ್ಮಾಂ ಎಂದರೆ ತಟ್ಟುವುದು. ವಿಬ್ರಾಸಿಯೋಂ ಎಂದರೆ ಅದುರಿಸುವುದು. ಐದಕ್ಕೂ ನಮ್ಮಲ್ಲಿ ಅಚ್ಚಗನ್ನಡದ ಮಾತುಗಳಿವೆ. ಐದಕ್ಕೆ ನಿಲ್ಲುವುದೂ ಇಲ್ಲ. ನನ್ನ ವಿದ್ಯಾರ್ಥಿಗಳಿಗೆ ಒಂದು ವರ್ಷ ಮನೆಯ ಹಿರಿಯರನ್ನು ಕೇಳಿ ಇಂಥ ಮಾತುಗಳನ್ನು ಬರೆದು ತರಲು ಹೇಳಿದೆ. ಸವರು, ನೀವು, ನೇವರಿಸು, ತೀಡು, ತಿಕ್ಕು, ಉಜ್ಜು, ಒತ್ತು, ಅಮುಕು, ಅದುಮು, ಹಿಸುಕು, ನಾದು, ತಟ್ಟು, ಗುದ್ದು, ಎಳೆ, ತುಳಿ ಎಂದು ಪಟ್ಟಿ ಬೆಳೆಯಿತು. ಉಳುಕು ತೆಗೆಯುವುದು, ನೆಟಿಕೆ ಮುರಿಯುವುದು ಬೇರೆ. ಒಬ್ಬ ಹುಡುಗಿ, "ನಮ್ಮಜ್ಜಿ ಹೇಳ್ತಾರೆ ಸಾರ್, ಮಗುವಿನ ಎದೆಗೆ ಸವರಬೇಕು, ಬೆನ್ನಿಗೆ ನೀವಬೇಕು, ತೊಡೆಗೆ ತೀಡಬೇಕು. ಒಂದರ ಜಾಗದಲ್ಲಿ ಇನ್ನೊಂದು ಮಾಡಿದ್ರೆ ಕೈ ಮೇಲೆ ಹೊಡೀತಾರೆ" ಎಂದಳು. ಇದು ನಿಘಂಟಲ್ಲ, ಶಾಸ್ತ್ರ. ಯಾವ ಜಾಗಕ್ಕೆ ಎಷ್ಟು ಭಾರ ಎಂಬ ವಿವೇಕ ಒಂದೊಂದು ಕ್ರಿಯಾಪದದಲ್ಲಿಯೂ ಅಡಗಿದೆ.

ಈ ಶಾಸ್ತ್ರವನ್ನು ಕಾಪಾಡಿದವರು ಹೆಚ್ಚಾಗಿ ಹೆಂಗಸರು: ಬಾಣಂತಿಗೂ ಕೂಸಿಗೂ ಎರೆಯುತ್ತಿದ್ದವರು, ಸೂಲಗಿತ್ತಿಯರು. ಬಚ್ಚಲಲ್ಲಿ ಕಾಲು ನೀಡಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಹರಳೆಣ್ಣೆ ಹಚ್ಚಿ ಅವರು ನೀವುತ್ತಿದ್ದುದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಅವರಲ್ಲಿ ಬಹುಮಂದಿ ಸಮಾಜ ಕೆಳಗಿಟ್ಟ ಜಾತಿಗಳವರು. ಅನೇಕ ಕಡೆ ಕ್ಷೌರಿಕ ವೃತ್ತಿಯ ಮನೆಗಳವರು. ಹುಟ್ಟಿದ ಕೂಸನ್ನು ಎಲ್ಲರಿಗಿಂತ ಮೊದಲು ಮುಟ್ಟಿದ ಕೈಯನ್ನೇ, ಹತ್ತು ದಿನ ಕಳೆದ ಮೇಲೆ ಹೊಸ್ತಿಲ ಹೊರಗೆ ನಿಲ್ಲಿಸುತ್ತಿದ್ದ ಮನೆಗಳಿದ್ದವು. ಸ್ಪರ್ಶದಿಂದ ಗುಣಪಡಿಸುವ ವಿದ್ಯೆಯನ್ನು, ಸ್ಪರ್ಶವೇ ಮೈಲಿಗೆಯೆಂದ ಸಮಾಜ ಹೇಗೆ ಬೆಳೆಸೀತು?

ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನನಗೆ ಆದ ಸಂತೋಷಕ್ಕೆ ಇದೂ ಒಂದು ಕಾರಣ. ಹದಿನೈದು ಸಾವಿರಕ್ಕೂ ಮೇಲ್ಪಟ್ಟು ಹೆರಿಗೆಗಳನ್ನು ಸುಸೂತ್ರವಾಗಿ ಮಾಡಿಸಿದರೆಂದು ಪ್ರಸಿದ್ಧರಾದ ಆ ತಾಯಿ ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಬರಿಗೈಯ ವಿದ್ಯೆಗೆ ಹೆಸರು ಹಿಡಿದು ಸಂದ ಗೌರವ ಅದು. ಇನ್ನೊಂದು ಹೆಸರು ಹೊರದೇಶದಲ್ಲಿ ಬೆಳಗಿತು. ಫ್ರಾನ್ಸಿನ ಹೆರಿಗೆ ವೈದ್ಯ ಲೆಬೊಯೆ ಕಲ್ಕತ್ತೆಯ ಬಡ ತಾಯಿಯೊಬ್ಬಳು ತನ್ನ ಕೂಸಿನ ಮೈ ನೀವುತ್ತಿದ್ದುದನ್ನು ಕಂಡು ಬೆರಗಾಗಿ, 1976ರಲ್ಲಿ ಆಕೆಯ ಹೆಸರಿನಲ್ಲೇ ಪುಸ್ತಕ ಪ್ರಕಟಿಸಿದ: 'ಶಾಂತಲಾ'. ಬ್ರೆಜಿಲಿನಲ್ಲಿ ಇಂದು ಕೂಸಿನ ಮೈ ನೀವುವುದಕ್ಕೆ ಶಾಂತಲಾ ಎಂದೇ ಹೆಸರು. ಆ ಹೆಸರು ಕೇಳಿದರೆ ನಮಗೆ ಹೊಯ್ಸಳರ ರಾಣಿಯೂ ಕೆ. ವಿ. ಅಯ್ಯರ್ ಅವರ ಕಾದಂಬರಿಯೂ ನೆನಪಾಗುತ್ತವೆ. ಬೆಂಗಳೂರಿನ ಹೆಸರಾಂತ ವ್ಯಾಯಾಮಗುರುಗಳೇ ಆ ಕಾದಂಬರಿಯನ್ನು ಬರೆದದ್ದು ಕೇವಲ ಆಕಸ್ಮಿಕವಾದರೂ ಚೆಲುವಾದ ಆಕಸ್ಮಿಕ.

ವಿಜ್ಞಾನವೂ ಈಗ ಈ ಕಡೆ ಕಣ್ಣು ಹಾಯಿಸಿದೆ. 1986ರಲ್ಲಿ ಅಮೆರಿಕದ ಟಿಫನಿ ಫೀಲ್ಡ್ ಮತ್ತು ಸಂಗಡಿಗರು ಅವಧಿಗೆ ಮೊದಲೇ ಹುಟ್ಟಿದ ನಲವತ್ತು ಶಿಶುಗಳನ್ನು ಪರೀಕ್ಷಿಸಿದರು. ದಿನಕ್ಕೆ ಮೂರು ಸಲ, ಹದಿನೈದು ನಿಮಿಷದಂತೆ, ಹತ್ತು ದಿನ ಮೈ ನೀವಿಸಿಕೊಂಡ ಶಿಶುಗಳ ತೂಕ ಉಳಿದವುಗಳಿಗಿಂತ ಶೇಕಡಾ 47ರಷ್ಟು ಹೆಚ್ಚು ಏರಿತು. ಇದು ಸಣ್ಣ ಪರೀಕ್ಷೆ. ಇದರ ಮೇಲೆ ದೊಡ್ಡ ಸೌಧ ಕಟ್ಟಬಾರದು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಒತ್ತುವುದು ಪ್ರಾಣಕ್ಕೇ ಕುತ್ತು. ಮುರಿದ ಮೂಳೆಯನ್ನು ಉಳುಕೆಂದು ಎಳೆದರೆ ಕಾಲೇ ಹೋದೀತು. ನೀವುವುದು ಚಿಕಿತ್ಸೆಗೆ ನೆರವು. ಎಲ್ಲ ಚಿಕಿತ್ಸೆಗೂ ಬದಲಲ್ಲ. ಸುಶ್ರುತನ ನಿಷೇಧಗಳ ಪಟ್ಟಿಯನ್ನು ಇಂದಿನ ಜ್ಞಾನ ಉದ್ದಮಾಡಿದೆ, ಅಳಿಸಿಲ್ಲ.

ಇಂದು ನಗರಗಳಲ್ಲಿ ಸ್ಪಾ ಎಂಬ ಫಲಕಗಳು ಬೀದಿಗೊಂದರಂತೆ ಕಾಣುತ್ತವೆ. ಎಲ್ಲೆಲ್ಲಿಯದೋ ಹೆಸರಿನ ಮರ್ದನಗಳಿಗೆ ನಾವು ಸಂತೋಷದಿಂದ ಹಣ ತೆರುತ್ತೇವೆ. ಅದು ತಪ್ಪಲ್ಲ; ವಿದ್ಯೆಗೆ ದೇಶವಿಲ್ಲ. ಆದರೆ ನಮ್ಮ ನೀವು, ತೀಡು, ಅದುಮುಗಳನ್ನು ಬಲ್ಲ ಕೈಗಳು ಒಂದೊಂದಾಗಿ ಕಣ್ಮರೆಯಾಗುತ್ತಿವೆ. ಹೆರಿಗೆ ಆಸ್ಪತ್ರೆಗೆ ಹೋದದ್ದು ಒಳ್ಳೆಯದೇ ಆಯಿತು. ಅದರಿಂದ ಉಳಿದ ಜೀವಗಳು ಎಷ್ಟೋ. ಅದರ ಜೊತೆಗೆ ಎರೆಯುವವರ ವಿದ್ಯೆಯೂ ಹೋಗಬೇಕೆಂದೇನೂ ಇರಲಿಲ್ಲ. ನಾಲ್ವರು ದಾದಿಯರಿಂದ ಆದದ್ದು ನಮ್ಮ ವೈದ್ಯಶಾಲೆಗಳಿಂದ ಆಗದೆ? ಆ ಹಿರಿಯರನ್ನು ಕರೆಸಿ, ಸಂಭಾವನೆ ಕೊಟ್ಟು, ಅವರ ಕೈಯ ನಡೆಯನ್ನು ನೋಡಿ ಬರೆದುಕೊಂಡು, ಸರಿಯಾದದ್ದನ್ನು ಉಳಿಸಿ, ತಪ್ಪನ್ನು ತಿದ್ದಿ ಕಲಿಸಬಾರದೆ? ಹಾಗೆ ಬರೆಯುವ ಪುಸ್ತಕದಲ್ಲಿ ಅವರವರ ಹೆಸರುಗಳನ್ನು ಮೊದಲ ಪುಟದಲ್ಲಿಯೇ ಅಚ್ಚುಹಾಕಬೇಕು.